ವೈಫೈ ನಿಂತಾಗ ಮೊದಲು ಕೇಬಲ್ ನೋಡಿ



ಊರಿಗೆ ಬಂದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ: "ಮೊಬೈಲ್‌ನಲ್ಲಿ ವೈಫೈ ಸಿಗ್ನಲ್ ಪೂರ್ತಿ ಇದೆ, ಆದರೆ ಏನೂ ಓಪನ್ ಆಗಲ್ಲ. ಹೊಸ ರೂಟರ್ ತರೋಣವಾ?" ತರುವ ಮೊದಲು ಸ್ವಲ್ಪ ತಾಳಿ ಎಂಬುದೇ ಇಂದಿನ ನನ್ನ ಮಾತು.

ರೂಟರ್‌ನ ದನಿ ಎಷ್ಟು ಜೋರಾಗಿ ಕೇಳುತ್ತಿದೆ ಎಂಬುದನ್ನಷ್ಟೇ ಸಿಗ್ನಲ್ ಹೇಳುತ್ತದೆ. ದಾರಿ ಖಾಲಿ ಇದೆಯೇ ಎಂಬುದನ್ನು ಹೇಳುವುದಿಲ್ಲ.

ನೆಟ್‌ವರ್ಕ್‌ನಲ್ಲಿರುವ ಕಂಪ್ಯೂಟರುಗಳು ಆಗಾಗ "ಈ ವಿಳಾಸ ಯಾರದು?" ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತವೆ. ಇದು ಬ್ರಾಡ್‌ಕಾಸ್ಟ್, ಅಂದರೆ ನಮ್ಮ ಡಂಗುರ ಇದ್ದಂತೆ. ಕೇಬಲ್‌ಗಳನ್ನು ಕೂಡಿಸುವ ಸ್ವಿಚ್, ಆ ಕೂಗನ್ನು ಬಂದ ಪೋರ್ಟ್ ಬಿಟ್ಟು ಉಳಿದೆಲ್ಲ ಪೋರ್ಟ್‌ಗಳಿಗೂ ದಾಟಿಸುತ್ತದೆ. ಯಾರೋ ತಿಳಿಯದೆ ಒಂದು ಕೇಬಲ್‌ನ ಎರಡೂ ತುದಿಗಳನ್ನು ಅದೇ ಸ್ವಿಚ್‌ಗೆ ಸಿಕ್ಕಿಸಿದರು ಎನ್ನಿ. ಹೊರಗೆ ಹೋದ ಕೂಗು ಸುತ್ತಿ ಒಳಗೆ ಬರುತ್ತದೆ, ಮತ್ತೆ ಹೊರಡುತ್ತದೆ. ಇಷ್ಟು ಸುತ್ತಾದ ಮೇಲೆ ನಿಲ್ಲು ಎಂಬ ಲೆಕ್ಕ ಅದರಲ್ಲಿ ಇಲ್ಲ. ಸ್ವಲ್ಪ ಹೊತ್ತಿನಲ್ಲೇ ನೆಟ್‌ವರ್ಕ್ ತುಂಬಿ ಹರಿಯುತ್ತದೆ. ವೈಫೈಗೆ ಪೆಟ್ಟು ಇನ್ನೂ ಹೆಚ್ಚು. ದೂರದಲ್ಲಿರುವವರಿಗೂ ಕೇಳಲಿ ಎಂದು ಅದು ಬ್ರಾಡ್‌ಕಾಸ್ಟ್‌ಗಳನ್ನು ನಿಧಾನವಾಗಿ ಕಳಿಸುವುದರಿಂದ ಬೇರೆ ಮಾತಿಗೆ ಸಮಯವೇ ಉಳಿಯುವುದಿಲ್ಲ.

ಇಂಥ ಸುತ್ತನ್ನು ಕಂಡು ಒಂದು ದಾರಿಯನ್ನು ತಾನೇ ಮುಚ್ಚುವ 'ಸ್ಪ್ಯಾನಿಂಗ್ ಟ್ರೀ' ವಿಧಾನವನ್ನು 1985ರಲ್ಲಿ ರೇಡಿಯಾ ಪರ್ಲ್‌ಮನ್ ಎಂಬ ಮಹಿಳಾ ಎಂಜಿನಿಯರ್ ರೂಪಿಸಿದರು. ಕಡಿಮೆ ಬೆಲೆಯ ಎಷ್ಟೋ ಸ್ವಿಚ್‌ಗಳಲ್ಲಿ ಅದು ಇರುವುದಿಲ್ಲ. ಇದ್ದರೂ ಅದಕ್ಕೊಂದು ಮಿತಿಯುಂಟು. 2002ರ ನವೆಂಬರ್‌ನಲ್ಲಿ ಅಮೆರಿಕದ ಬಾಸ್ಟನ್ ನಗರದ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯ ನೆಟ್‌ವರ್ಕ್ ಆ ಮಿತಿ ಮೀರಿ ಬೆಳೆದು ಕುಸಿಯಿತು. ಕೆಲವು ದಿನ ವೈದ್ಯರ ಸೂಚನೆ, ಪರೀಕ್ಷೆಯ ವರದಿ ಎಲ್ಲವೂ ಕಾಗದದ ಮೇಲೆ, ಜನರ ಕೈಯಲ್ಲಿ ಓಡಾಡಿದವು. ಆಸ್ಪತ್ರೆಯವರು ಅದನ್ನು ಮುಚ್ಚಿಡದೆ ಬಹಿರಂಗವಾಗಿ ಹೇಳಿದ್ದರಿಂದ ಉಳಿದವರು ಪಾಠ ಕಲಿತರು.

ನಮ್ಮ ಶಾಲೆಯಂಥ ಕಡೆ ಏನು ಮಾಡಬೇಕು? ಒಂದು ಕಂಪ್ಯೂಟರನ್ನು ಕೇಬಲ್‌ನಿಂದ ಜೋಡಿಸಿ ನೋಡಿ. ಅದು ಸರಿಯಾಗಿದ್ದು ವೈಫೈ ಮಾತ್ರ ಕೆಟ್ಟಿದ್ದರೆ, ಅಕ್ಕಪಕ್ಕದ ರೂಟರ್‌ಗಳ ಗಲಾಟೆ ಇರಬಹುದು. 2.4 ಗಿಗಾಹರ್ಟ್ಸ್‌ನಲ್ಲಿ 1, 6, 11 ಈ ಚಾನೆಲ್‌ಗಳು ಒಂದರ ಮೇಲೊಂದು ಬೀಳುವುದಿಲ್ಲ. ಅವುಗಳಲ್ಲಿ ಗದ್ದಲ ಕಡಿಮೆ ಇರುವುದನ್ನು ಆರಿಸಿ. ಕೇಬಲ್‌ನಲ್ಲೂ ನಿಧಾನವಿದ್ದು, ಸ್ವಿಚ್‌ನ ದೀಪಗಳೆಲ್ಲ ಒಟ್ಟಿಗೆ ಬಿಡದೆ ಮಿನುಗುತ್ತಿದ್ದರೆ ಸುತ್ತಿನ ಅನುಮಾನ ಪಡಿ. ಕೇಬಲ್‌ಗಳನ್ನು ಬಿಚ್ಚಿ, ಒಂದೊಂದಾಗಿ ಹಾಕುತ್ತಾ ಬನ್ನಿ. ಯಾವುದನ್ನು ಹಾಕಿದಾಗ ದೀಪಗಳು ಹುಚ್ಚೆದ್ದು ಕುಣಿಯುತ್ತವೋ ಅಲ್ಲಿದೆ ತೊಂದರೆ. ಬರೀ ಆಫ್ ಮಾಡಿ ಆನ್ ಮಾಡಿದರೆ, ಸುತ್ತು ಇರುವವರೆಗೆ ಅದು ಮತ್ತೆ ತುಂಬುತ್ತದೆ.

ವಿದ್ಯಾರ್ಥಿವೇತನದ ಅರ್ಜಿಯ ಕೊನೆಯ ದಿನವೇ ನೆಟ್ ನಿಂತರೆ ನಷ್ಟ ಮಕ್ಕಳದ್ದು. ಆದ್ದರಿಂದ ಮಕ್ಕಳೇ, ನಿಮಗೊಂದು ಕೆಲಸ. ಮೇಷ್ಟ್ರನ್ನು ಕೇಳಿ, ಕಂಪ್ಯೂಟರ್ ಕೊಠಡಿಯ ಯಾವ ಕೇಬಲ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬ ನಕ್ಷೆ ಬರೆದು ಗೋಡೆಗೆ ಅಂಟಿಸಿ. ಕೇಬಲ್‌ನ ಎರಡೂ ತುದಿಗೆ ಒಂದೇ ನಂಬರಿನ ಚೀಟಿ ಕಟ್ಟಿ. ಇದಕ್ಕೆ ಎಂಜಿನಿಯರ್ ಬೇಕಿಲ್ಲ, ಖರ್ಚೂ ಇಲ್ಲ.