ಕಳೆಯ ಜಾತಿ ತಿಳಿದು ಮದ್ದು: ಲಿವರಿಗೆ ಹಬ್ಬಿದ ಕರುಳಿನ ಕ್ಯಾನ್ಸರ್
(ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬೆಳೆಯ ವಿಚಾರ ಹೇಳುವ ಗ್ರಾಮಸೇವಕನು ಇಂದು ರೋಗದ ಮಾತೆತ್ತಿದನೆಂದು ಆಶ್ಚರ್ಯಪಡಬೇಡಿ. ದೊಡ್ಡ ಕರುಳಿನ ಕ್ಯಾನ್ಸರ್ ಲಿವರಿಗೆ ಹಬ್ಬಿದೆ ಎಂದು ಡಾಕ್ಟರು ಹೇಳಿದೊಡನೆ, ಇನ್ನು ಫಲವಿಲ್ಲವೆಂದು ರೋಗಿಯನ್ನು ಮನೆಗೆ ಕರೆತರುವವರಿದ್ದಾರೆ. ಇದು ಸರಿಯಲ್ಲ. ಹಬ್ಬಿದ ರೋಗವೆಲ್ಲ ಒಂದೇ ಜಾತಿಯದಲ್ಲ.

ರೋಗ ಲಿವರಿಗೇ ಏಕೆ ಹೋಗುತ್ತದೆ? ಕರುಳಿನ ರಕ್ತವು ಒಂದು ದೊಡ್ಡ ನಾಳದ ಮೂಲಕ ಮೊದಲು ಲಿವರನ್ನು ಸೇರುತ್ತದೆ. ಕಾಲುವೆಯಲ್ಲಿ ತೇಲಿಬಂದ ಕಳೆಬೀಜವು ಮೊದಲ ಗದ್ದೆಯಲ್ಲೇ ತಂಗಿ ಮೊಳೆಯುವಂತೆ, ಕ್ಯಾನ್ಸರಿನ ಜೀವಕಣಗಳು ಅಲ್ಲಿ ಬೇರೂರುತ್ತವೆ. ಗಂಟುಗಳನ್ನು ಪೂರ್ತಿ ತೆಗೆದರೂ ಸಾಕಷ್ಟು ಲಿವರು ಉಳಿಯುವಂತಿದ್ದರೆ ಶಸ್ತ್ರಕ್ರಿಯೆ ಮಾಡಬಹುದು. ಹೀಗೆ ಮಾಡಿಸಿಕೊಂಡವರಲ್ಲಿ 100ಕ್ಕೆ ಸುಮಾರು 40 ಮಂದಿ 5 ವರ್ಷ ದಾಟುತ್ತಾರೆ.

ಇನ್ನು ಮದ್ದಿನ ವಿಚಾರ. 2,4-ಡಿ ಸಿಂಪಡಿಸಿದರೆ ಅಗಲ ಎಲೆಯ ಕಳೆ ಸಾಯುತ್ತದೆ, ಹುಲ್ಲುಜಾತಿಯ ಕಳೆ ಸಾಯದು. ಜಾತಿ ತಿಳಿಯದೆ ಸಿಂಪಡಿಸಿದವನಿಗೆ ಹಣವೂ ಹೋಯಿತು, ಕಳೆಯೂ ಉಳಿಯಿತು. ಕ್ಯಾನ್ಸರಿಗೂ ಇದೇ ನ್ಯಾಯ. ಗಂಟಿನ ಚೂರನ್ನು ಪರೀಕ್ಷಿಸಿ, ಅದರ ವಂಶವಾಹಿಗಳಲ್ಲಿನ ಗುರುತುಗಳನ್ನು ನೋಡುತ್ತಾರೆ. ಮುಖ್ಯವಾದವು ಮೂರು:

1. ಕೆ-ರಾಸ್. 100 ರೋಗಿಗಳಲ್ಲಿ ಸುಮಾರು 40 ಮಂದಿಗೆ ಇದು ಕೆಟ್ಟಿರುತ್ತದೆ. ಅಂಥವರಿಗೆ ಸೆಟುಕ್ಸಿಮ್ಯಾಬ್ ಎಂಬ ಬೆಲೆಯುಳ್ಳ ಮದ್ದು ಸಾಮಾನ್ಯವಾಗಿ ನಾಟುವುದಿಲ್ಲವೆಂದು 2008ರಲ್ಲಿ ಸ್ಪಷ್ಟವಾಯಿತು. ಲಿವರಿನ ಶಸ್ತ್ರಕ್ರಿಯೆಯ ನಂತರ ರೋಗ ಮರಳುವ ಸಂಭವವೂ ಇವರಲ್ಲಿ ಹೆಚ್ಚು.

2. ಬಿ-ರಾಫ್. ಇದರ ಮುಖ್ಯ ದೋಷವು 100ಕ್ಕೆ ಸುಮಾರು 10 ಮಂದಿಯಲ್ಲಿ ಕಾಣುತ್ತದೆ. ರೋಗದ ನಡೆ ಬಿರುಸು. ಆದರೂ ಈ ದೋಷಕ್ಕೆಂದೇ ಮಾಡಿದ ಮದ್ದಿಗೆ 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ.

3. ಎಂ.ಎಸ್.ಐ. ಹಬ್ಬಿದ ರೋಗದಲ್ಲಿ 100ಕ್ಕೆ ಸುಮಾರು 5 ಮಂದಿಗೆ ಇರುತ್ತದೆ. ದೇಹದ ರಕ್ಷಣಾಶಕ್ತಿಯನ್ನು ಎಬ್ಬಿಸುವ ಮದ್ದು ಇಂಥವರಲ್ಲಿ ಅನೇಕರಿಗೆ ಚೆನ್ನಾಗಿ ಹಿಡಿಯುತ್ತದೆ. ಕೆಲವರಲ್ಲಿ ಇದು ವಂಶದಿಂದ ಬಂದಿರಬಹುದು. ಆದುದರಿಂದ ಒಡಹುಟ್ಟಿದವರೂ ಮಕ್ಕಳೂ ಡಾಕ್ಟರನ್ನು ಕಾಣಬೇಕು.

ಈ ಗುರುತುಗಳು ಜಾತಕವಲ್ಲ. ನೂರು ಜನರ ಅನುಭವದಿಂದ ತೆಗೆದ ಲೆಕ್ಕ ಅಷ್ಟೇ. ಒಬ್ಬನ ಆಯುಷ್ಯವನ್ನು ಅವು ಬರೆದುಕೊಡುವುದಿಲ್ಲ.

ನೀವು ಮಾಡಬೇಕಾದುದು ಇಷ್ಟು. ಮಲದಲ್ಲಿ ರಕ್ತ, ವಾರಗಟ್ಟಲೆ ಮಲದ ಕ್ರಮ ತಪ್ಪುವುದು, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ, ಮೂಲವ್ಯಾಧಿಯೆಂದು ನೀವೇ ತೀರ್ಮಾನಿಸಿ ನಾಟಿಮದ್ದಿನಲ್ಲಿ ದಿನ ಕಳೆಯಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ. ರೋಗ ಹಬ್ಬಿದೆಯೆಂದರೆ, ಶಸ್ತ್ರಕ್ರಿಯೆ ಸಾಧ್ಯವೇ, ಮೂರು ಗುರುತುಗಳ ಪರೀಕ್ಷೆ ಆಗಿದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ವರದಿಗಳನ್ನು ಪಹಣಿ ಪತ್ರದಂತೆ ಜೋಪಾನವಾಗಿಡಿ. ಖರ್ಚಿಗೆಂದು ಹೊಲ ಮಾರುವ ಮುನ್ನ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವನ್ನು ಆಸ್ಪತ್ರೆಯಲ್ಲೇ ವಿಚಾರಿಸಿ.

ಕಳೆ ಒಂದು ಗದ್ದೆಯಲ್ಲಿರುವಾಗಲೇ ಕೀಳುವುದು ಜಾಣತನ. ಹಬ್ಬಿದ ಮೇಲೆ ಜಾತಿ ತಿಳಿದು ಮದ್ದು ಹಾಕುವುದೂ ಜಾಣತನವೇ. ಹೊಲ ಬಿಟ್ಟು ಹೋಗುವುದು ಮಾತ್ರ ಒಕ್ಕಲಿನ ಧರ್ಮವಲ್ಲ.