ಮನೆಗೊಂದು ಪುಟ್ಟ ಗಿಟಾರ್ ಆಂಪ್ಲಿಫೈಯರ್



ಎಲೆಕ್ಟ್ರಿಕ್ ಗಿಟಾರ್ ಕೊಳ್ಳುವ ಮನೆಗಳಲ್ಲಿ ನಡೆಯುವ ಮಾತುಕತೆ ಹೆಚ್ಚುಕಡಿಮೆ ಒಂದೇ ಬಗೆಯದು. ಮಗನೋ ಮಗಳೋ ತಿಂಗಳುಗಟ್ಟಲೆ ಕಾಡಿ ಬೇಡಿ ಗಿಟಾರ್ ಕೊಡಿಸಿಕೊಳ್ಳುತ್ತಾರೆ. ತಂದೆ ದುಡ್ಡು ಎಣಿಸಿ ಕೊಟ್ಟು ನಿಟ್ಟುಸಿರು ಬಿಡುವಷ್ಟರಲ್ಲಿ ಅಂಗಡಿಯವರು, 'ಸಾರ್, ಆಂಪ್ ಬೇಡವೇ?' ಎನ್ನುತ್ತಾರೆ. ಅದು ಬೇರೆ ಬೇಕೇ ಎಂದು ತಂದೆ ಮಗನ ಮುಖ ನೋಡುತ್ತಾರೆ. ಮಗ ನೆಲ ನೋಡುತ್ತಾನೆ.

ಬೇಕು. ಎಲೆಕ್ಟ್ರಿಕ್ ಗಿಟಾರಿನ ಒಡಲು ಬರೀ ಹಲಗೆ. ವೀಣೆಯ ಕೊಡ, ತಂಬೂರಿಯ ಬುರುಡೆ ಮಾಡುವ ಕೆಲಸವನ್ನು ಅದರಲ್ಲಿ ಮಾಡುವವರಿಲ್ಲ. ಸುಮ್ಮನೆ ಮೀಟಿದರೆ ಪಕ್ಕದ ಕೋಣೆಗೂ ಕೇಳಿಸದು. ಆ ಕೊಡದ ಕೆಲಸ ಆಂಪ್ಲಿಫೈಯರಿನದು; ಅಂದರೆ ಅರ್ಧ ವಾದ್ಯ ಅಂಗಡಿಯಲ್ಲೇ ಉಳಿದಂತಾಯಿತು. ಕೈಯಲ್ಲಿ ಉಳಿದ ಚಿಲ್ಲರೆ ಹಣಕ್ಕೆ ಸಿಕ್ಕಿದ್ದನ್ನು ಕೊಂಡರೆ ಡಬ್ಬ ಬಡಿದಂಥ ಸದ್ದು ಕೇಳಿ ಮಗುವಿಗೇ ಬೇಸರ ಬರುತ್ತದೆ. ಮುಂದೆ ವೇದಿಕೆಗೂ ಆದೀತೆಂದು ನೂರು ವಾಟ್‌ನದನ್ನು ತಂದರೆ ಮೂರನೆಯ ದಿನಕ್ಕೆ ಕೆಳಗಿನ ಮನೆಯವರು ಬಾಗಿಲು ತಟ್ಟುತ್ತಾರೆ. ಎರಡರಲ್ಲಿ ಯಾವುದಾದರೂ ಗಿಟಾರ್ ಆರು ತಿಂಗಳಲ್ಲಿ ಅಟ್ಟ ಸೇರುತ್ತದೆ. ಮಗುವಿನ ಸಂಗೀತ ಉಳಿಯುತ್ತದೋ ಇಲ್ಲವೋ ಎಂಬುದು ಎಷ್ಟೋ ಸಲ ನಿರ್ಧಾರವಾಗುವುದು ಈ ಎರಡನೆಯ ಖರೀದಿಯಲ್ಲಿ.

ಈ ಪೆಟ್ಟಿಗೆ ಹುಟ್ಟಿದ್ದು ಹೇಗೆಂದು ಮೊದಲು ನೋಡೋಣ. 1920ರ ದಶಕದ ಅಮೆರಿಕದ ನೃತ್ಯ ಮಂದಿರಗಳಲ್ಲಿ ಕಹಳೆ, ಸ್ಯಾಕ್ಸೋಫೋನ್, ಡ್ರಮ್ಮುಗಳ ಅಬ್ಬರದ ನಡುವೆ ಗಿಟಾರ್ ನುಡಿಸುವವನು ಇದ್ದೂ ಇಲ್ಲದಂತಿದ್ದ. ಲಾಸ್ ಏಂಜಲೀಸಿನಲ್ಲಿ ಜಾರ್ಜ್ ಬೋಷಾಂ ಎಂಬ ಸಂಗೀತಗಾರ ಅಡಾಲ್ಫ್ ರಿಕನ್‌ಬ್ಯಾಕರನ ಜೊತೆ ಸೇರಿ 1931–32ರಲ್ಲಿ ಇದಕ್ಕೊಂದು ಉಪಾಯ ಕಂಡುಹಿಡಿದ. ತಂತಿಗಳ ಬಳಿ ಅಯಸ್ಕಾಂತ, ಅದಕ್ಕೆ ಜೊತೆಯಾಗಿ ತೆಳು ತಾಮ್ರದ ಸುರುಳಿ. ಉಕ್ಕಿನ ತಂತಿ ಕಂಪಿಸಿದರೆ ಸುರುಳಿಯಲ್ಲಿ ಅತ್ಯಲ್ಪ ವಿದ್ಯುತ್ತು ಹರಿಯುತ್ತದೆ. ಅದನ್ನು ಹಿಗ್ಗಿಸಿ ಸ್ಪೀಕರಿಗೆ ಕೊಟ್ಟರಾಯಿತು. ಅಲ್ಯೂಮಿನಿಯಮ್ಮಿನ ಆ ಗಿಟಾರ್ ನೋಡಲು ಹಿಡಿಯುಳ್ಳ ಬಾಣಲೆಯಂತಿತ್ತು. ಜನ ಅದಕ್ಕೆ ಬಾಣಲೆ ಎಂದೇ ಅಡ್ಡಹೆಸರಿಟ್ಟರು. ಅದು ತೊಡೆಯ ಮೇಲಿಟ್ಟು ಉಕ್ಕಿನ ಕಡ್ಡಿ ಜಾರಿಸಿ ನುಡಿಸುವ ಹವಾಯಿ ಗಿಟಾರ್. ಹವಾಯಿ ಗಿಟಾರಿನ ಅದೇ ಕುಲ ಭಾರತದಲ್ಲೂ ಬೇರೂರಿ ಬ್ರಿಜ್ ಭೂಷಣ್ ಕಾಬ್ರಾ, ವಿಶ್ವಮೋಹನ ಭಟ್ ಅವರ ಕೈಯಲ್ಲಿ ಹಿಂದೂಸ್ತಾನಿ ವಾದ್ಯವಾಯಿತು ಎಂಬುದು ಕೇಳುಗರಿಗೆ ಗೊತ್ತೇ ಇದೆ.

1936ರಲ್ಲಿ ಗಿಬ್ಸನ್ ಕಂಪೆನಿ ಇಎಸ್–150 ಎಂಬ ಗಿಟಾರನ್ನು ಮಾರುಕಟ್ಟೆಗೆ ತಂದಿತು. ಗಿಟಾರ್, ಆಂಪ್, ನಡುವಿನ ತಂತಿ ಮೂರೂ ಸೇರಿ ಸುಮಾರು 150 ಡಾಲರ್. ಆಂಪ್ ಬೇರೆ, ವಾದ್ಯ ಬೇರೆ ಎಂಬ ಭಾವನೆ ಆಗಿನವರಿಗೆ ಇರಲಿಲ್ಲ. 1939ರಲ್ಲಿ ಬೆನ್ನಿ ಗುಡ್‌ಮನ್ನನ ತಂಡ ಸೇರಿದ ಚಾರ್ಲಿ ಕ್ರಿಶ್ಚಿಯನ್ ಈ ಗಿಟಾರಿನಿಂದಲೇ ಜಾಜ್ ಸಂಗೀತದಲ್ಲಿ ಗಿಟಾರಿಗೆ ಸ್ಯಾಕ್ಸೋಫೋನಿನ ಸರಿಸಮ ಸ್ಥಾನ ಕೊಡಿಸಿದ.

ಸಣ್ಣ ಆಂಪಿನ ನಿಜವಾದ ಕಥೆ ಶುರುವಾಗುವುದು ಕ್ಯಾಲಿಫೋರ್ನಿಯಾದ ಫುಲ್ಲರ್‌ಟನ್ ಊರಿನಲ್ಲಿ. ಲಿಯೋ ಫೆಂಡರ್ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವನು. ಗಿಟಾರ್ ನುಡಿಸಲು ಆತನಿಗೆ ಬರುತ್ತಿರಲಿಲ್ಲ ಎಂಬುದು ಸ್ವಾರಸ್ಯದ ಸಂಗತಿ. ಕಲಿಯುವ ಮಕ್ಕಳಿಗೆಂದು 1948ರ ಹೊತ್ತಿಗೆ ಆತ ಅಗ್ಗದ ಪುಟ್ಟ ಆಂಪ್ ಮಾಡಿದ. ಅದೇ ಮುಂದೆ 'ಚಾಂಪ್' ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. 1950ರ ದಶಕದ ಚಾಂಪಿನ ಒಳಗಿದ್ದದ್ದು ಮೂರೇ ವಾಲ್ವು, ಎಂಟು ಇಂಚಿನ ಒಂದು ಸ್ಪೀಕರ್. ಹೊರಗೆ ಒಂದೇ ಗುಂಡಿ, ಅದು ಸದ್ದಿನದು. ಶಕ್ತಿ ಸುಮಾರು ಐದು ವಾಟ್.

ಹಾಗಾದರೆ ನೂರು ವಾಟ್‌ನ ದೈತ್ಯಗಳು ಏಕೆ ಬಂದವು? ಸಭಾಂಗಣಗಳು ದೊಡ್ಡದಾದವು, ಹಾಡುಗಾರನ ಮೈಕಿನ ವ್ಯವಸ್ಥೆ ಮಾತ್ರ ಸಣ್ಣದಾಗಿಯೇ ಉಳಿಯಿತು. ಗಿಟಾರಿನ ಮುಂದೆ ಮೈಕ್ ಇಟ್ಟು ಸಭೆಗೆಲ್ಲ ಕೇಳಿಸುವ ರೂಢಿ ಇನ್ನೂ ಬಂದಿರಲಿಲ್ಲ. ಆಂಪ್ ತಾನೇ ಕೊನೆಯ ಸಾಲಿನವರೆಗೂ ಕೂಗಬೇಕಿತ್ತು. ಲಂಡನ್ನಿನ ಹ್ಯಾನ್‌ವೆಲ್ ಬಡಾವಣೆಯಲ್ಲಿ ಡ್ರಮ್ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್ 1962ರಲ್ಲಿ ಫೆಂಡರನದೇ ಒಂದು ಮಾದರಿ ನೋಡಿ ತನ್ನ ಆಂಪ್ ಮಾಡಿದ. ಮೂರು ವರ್ಷದಲ್ಲಿ ಅದು ನೂರು ವಾಟ್‌ಗೆ ಏರಿತು. 1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ಬೀಟಲ್ಸ್ ತಂಡ 55 ಸಾವಿರಕ್ಕೂ ಹೆಚ್ಚು ಜನರ ಮುಂದೆ ಹಾಡಿತು. ವಾಕ್ಸ್ ಕಂಪೆನಿಯ ನೂರು ವಾಟ್‌ನ ಆಂಪ್‌ಗಳಿದ್ದವು. ಆದರೂ ಜನರ ಕಿರುಚಾಟದಲ್ಲಿ ತಂಡದವರಿಗೆ ತಮ್ಮ ವಾದ್ಯವೇ ಸರಿಯಾಗಿ ಕೇಳಿಸಲಿಲ್ಲ. ಮುಂದೆ ಮೈಕಿನ ವ್ಯವಸ್ಥೆ ಸುಧಾರಿಸಿತು, ವೇದಿಕೆಯ ಸದ್ದನ್ನು ಸಭೆಗೆ ಮುಟ್ಟಿಸುವ ಹೊಣೆ ಅದರದಾಯಿತು. ಗುಡ್ಡದಂಥ ಆಂಪಿನ ಅಗತ್ಯ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಅಷ್ಟರಲ್ಲಿ ಅದು ಪ್ರತಿಷ್ಠೆಯ ವಿಷಯವಾಗಿಬಿಟ್ಟಿತ್ತು!

ಧ್ವನಿಮುದ್ರಣ ಕೋಣೆಯಲ್ಲಿ ಮಾತ್ರ ಸಣ್ಣ ಪೆಟ್ಟಿಗೆಗೇ ಮರ್ಯಾದೆ. 1970ರಲ್ಲಿ ಮಯಾಮಿಯ ಕ್ರೈಟೀರಿಯಾ ಸ್ಟುಡಿಯೋದಲ್ಲಿ 'ಲೈಲಾ' ಆಲ್ಬಮ್ಮಿಗಾಗಿ ಎರಿಕ್ ಕ್ಲಾಪ್ಟನ್ ಮತ್ತು ಡ್ವೇನ್ ಆಲ್‌ಮನ್ ನುಡಿಸಿದ್ದು ಪುಟ್ಟ ಫೆಂಡರ್ ಆಂಪ್‌ಗಳ ಮೂಲಕ. 1964ರಲ್ಲಿ ಕಿಂಕ್ಸ್ ತಂಡದ ಡೇವ್ ಡೇವಿಸ್ ತನ್ನ ಅಗ್ಗದ ಹಸಿರು ಎಲ್ಪಿಕೋ ಆಂಪಿನ ಸ್ಪೀಕರನ್ನು ಬ್ಲೇಡಿನಿಂದ ಗೀರಿ ಹಾಕಿದ. ಆ ಹರಿದ ಸ್ಪೀಕರಿನ ಗರಗರ ಸದ್ದೇ ಜಗತ್ತಿನಾದ್ಯಂತ ಕೇಳಿಸಿತು. ಮನೆಯಲ್ಲಿ ಮಕ್ಕಳು ಇದನ್ನು ಅನುಸರಿಸದಿದ್ದರೆ ಒಳ್ಳೆಯದು.

ಈಗ ವಾಟ್‌ನ ವಿಷಯ. ಅಂಗಡಿಯಲ್ಲಿ ಎಲ್ಲರೂ ಮೊದಲು ಕೇಳುವುದು ಇದನ್ನೇ, ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದೂ ಇದೇ. ನೂರು ವಾಟ್ ಎಂದರೆ ಹತ್ತು ವಾಟ್‌ನ ಹತ್ತರಷ್ಟು ಜೋರು ಎಂದು ಭಾವಿಸುವುದು ಸಹಜ. ನಮ್ಮ ಕಿವಿಯ ಲೆಕ್ಕ ಬೇರೆ. ಶಕ್ತಿ ಹತ್ತು ಪಟ್ಟಾದರೆ ಹೆಚ್ಚುವುದು ಹತ್ತು ಡೆಸಿಬೆಲ್. ಕಿವಿಗೆ ಅದು ಸುಮಾರು ಎರಡರಷ್ಟು ಜೋರಾಗಿ ಕೇಳುತ್ತದೆ, ಅಷ್ಟೆ. ಶಕ್ತಿ ಇಮ್ಮಡಿಯಾದರೆ ಮೂರು ಡೆಸಿಬೆಲ್, ಅಂದರೆ ಸ್ವಲ್ಪ ಹೆಚ್ಚಾಯಿತು ಎನ್ನಿಸುವಷ್ಟು. ಹದಿನೈದು ವಾಟ್‌ನದಕ್ಕೂ ಮೂವತ್ತರದಕ್ಕೂ ಬೆಲೆಯಲ್ಲಿರುವ ಅಂತರ ಕಿವಿಯಲ್ಲಿಲ್ಲ.

ಅದಕ್ಕಿಂತ ಮುಖ್ಯವಾದದ್ದು ಸ್ಪೀಕರ್. ಹನ್ನೆರಡು ಇಂಚಿನ ಒಳ್ಳೆಯ ಗಿಟಾರ್ ಸ್ಪೀಕರಿಗೆ ಒಂದೇ ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ನೂರು ಡೆಸಿಬೆಲ್‌ನ ಆಸುಪಾಸು ಸದ್ದು ಬರುತ್ತದೆ. ಮಾಮೂಲು ಮಾತುಕತೆ ಅರವತ್ತು. ಭಾರತ ಸರ್ಕಾರದ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಗಳಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬೆಲ್ ಮಿತಿ. ಒಂದು ಗೋಡೆಯನ್ನು ಇಬ್ಬರು ಬಾಡಿಗೆದಾರರು ಹಂಚಿಕೊಂಡಿರುವ ಬೆಂಗಳೂರಿನ ಮನೆಗಳಲ್ಲಿ ಐದು ವಾಟ್‌ನ ವಾಲ್ವ್ ಆಂಪನ್ನೂ ಪೂರ್ತಿ ತಿರುಗಿಸುವಂತಿಲ್ಲ. ನೆರೆಯವರ ಮಾತು ಬಿಡಿ, ನುಡಿಸುವವನ ಕಿವಿಯನ್ನೂ ನೋಡಬೇಕು. 85 ಡೆಸಿಬೆಲ್‌ನಲ್ಲಿ ಎಂಟು ಗಂಟೆ ಇರಬಹುದಾದರೆ ನೂರರಲ್ಲಿ ಕಾಲು ಗಂಟೆ ಮಾತ್ರ ಎಂಬುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕ. ಹೋದ ಕಿವಿ ಮರಳಿ ಬರುವುದಿಲ್ಲ.

'ಮನೆಯಲ್ಲಿ ಒಳ್ಳೆಯ ಮ್ಯೂಸಿಕ್ ಸಿಸ್ಟಂ ಇದೆಯಲ್ಲ, ಅದಕ್ಕೇ ಚುಚ್ಚಿದರಾಗದೇ?' ಎಂದು ಕೇಳುವವರಿದ್ದಾರೆ. ಹಳೆಯ ಕಾಲದ ವಾಲ್ವ್ ರೇಡಿಯೋಗಳ ಹಿಂದೆ ಗ್ರಾಮಫೋನಿಗೆಂದು ಒಂದು ತೂತಿರುತ್ತಿತ್ತು; ಅದಕ್ಕೆ ಗಿಟಾರ್ ಸಿಕ್ಕಿಸಿ ನುಡಿಸಿದ ಹುಡುಗರು ಎಲ್ಲ ದೇಶದಲ್ಲೂ ಇದ್ದರು. ಸದ್ದು ಬರುತ್ತದೆ, ಗಿಟಾರಿನ ಸದ್ದು ಬರುವುದಿಲ್ಲ. ಗಿಟಾರಿನ ಪಿಕಪ್ ಬಲು ದುರ್ಬಲ. ಅದನ್ನು ಭಾರ ಹೇರದೆ ಕೇಳಿಸಿಕೊಳ್ಳಲು ಸುಮಾರು ಹತ್ತು ಲಕ್ಷ ಓಮ್‌ನ ಪ್ರವೇಶದ್ವಾರ ಬೇಕು. ಸಾಮಾನ್ಯ ಉಪಕರಣಗಳಲ್ಲಿ ಅದಿಲ್ಲದ ಕಾರಣ ಸ್ವರ ಮಂಕಾಗುತ್ತದೆ. ಇನ್ನೊಂದು ಕಡೆ, ಗಿಟಾರ್ ಸ್ಪೀಕರ್ ಸುಮಾರು ಐದು ಸಾವಿರ ಹರ್ಟ್ಸ್ ದಾಟಿದ ಮೇಲೆ ಕಿವುಡು. ಆ ಕಿವುಡೇ ಅದರ ಗುಣ. ಗರಗರ ಸದ್ದಿನಲ್ಲಿರುವ ಮೊನಚನ್ನೆಲ್ಲ ಅದು ಸೋಸಿಬಿಡುತ್ತದೆ. ಮ್ಯೂಸಿಕ್ ಸಿಸ್ಟಂ ಸೋಸುವುದಿಲ್ಲ, ಜೇನ್ನೊಣದ ಗೂಡು ಕೆದಕಿದಂತೆ ಕೇಳುತ್ತದೆ.

ಕೈಯಲ್ಲಿ ಹಿಡಿದು ಓಡಾಡುವ ಆಂಪ್‌ಗಳಿಗೂ ಐವತ್ತು ವರ್ಷದ ಇತಿಹಾಸವಿದೆ. 1970ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಬಂದ 'ಪಿಗ್‌ನೋಸ್' ಎಂಬ ಪೆಟ್ಟಿಗೆಯ ಗುಂಡಿ ಹಂದಿಯ ಮೂಗಿನಂತಿತ್ತು. ಐದು ಇಂಚಿನ ಸ್ಪೀಕರ್, ಪೆನ್ಸಿಲ್ ಸೆಲ್ಲು ಆರು. ತಿಜೋರಿಯ ಹಾಗೆ ಬಾಗಿಲು ತೆರೆದರೆ ಒಂದು ಸದ್ದು, ಮುಚ್ಚಿದರೆ ಇನ್ನೊಂದು. ಜಪಾನಿನ ರೋಲೆಂಡ್ ಕಂಪೆನಿಯ ಮೈಕ್ರೋ ಕ್ಯೂಬ್ ಎರಡೇ ವಾಟ್‌ನದು; ಹಲವು ದೊಡ್ಡ ಆಂಪ್‌ಗಳ ಸದ್ದನ್ನು ಗಣಕದ ಲೆಕ್ಕದಿಂದ ಅನುಕರಿಸುವ ವಿದ್ಯೆಯನ್ನು ಊಟದ ಡಬ್ಬಿಗಿಂತ ಸ್ವಲ್ಪ ದೊಡ್ಡ ಪೆಟ್ಟಿಗೆಗೆ ತುಂಬಿತು. ಈ ಅನುಕರಣ ವಿದ್ಯೆಯನ್ನು ಲೈನ್ ಸಿಕ್ಸ್ ಎಂಬ ಕಂಪೆನಿ 1996ರಲ್ಲೇ ದೊಡ್ಡ ಆಂಪಿನಲ್ಲಿ ತಂದಿತ್ತು. 2011ರಲ್ಲಿ ಯಮಾಹಾ ಟಿಎಚ್‌ಆರ್ ಬಂತು. ಅದು ಮೇಜಿನ ಮೇಲಿಟ್ಟುಕೊಳ್ಳಲೆಂದೇ ಮಾಡಿದ್ದು. ರಾತ್ರಿ ಪಿಸುಮಾತಿನ ಮಟ್ಟದಲ್ಲೂ ಸ್ವರ ತುಂಬಿಕೊಂಡಿರುತ್ತದೆ. ಬಾಸ್ ಕಂಪೆನಿಯ ಕಟಾನ ಮಿನಿ ಏಳು ವಾಟ್, ಬ್ಲ್ಯಾಕ್‌ಸ್ಟಾರಿನ ಫ್ಲೈ ಮೂರು ವಾಟ್. ಎರಡೂ ಸೆಲ್ಲಿನಿಂದ ನಡೆಯುತ್ತವೆ. ಮನೆಯ ಅಭ್ಯಾಸಕ್ಕೆ, ಕರೆಂಟು ಹೋದ ಸಂಜೆಗೆ, ಇವುಗಳಲ್ಲಿ ಯಾವುದಾದರೂ ಆದೀತು. ಇತ್ತೀಚಿನ ಕೆಲವು ಆಂಪ್‌ಗಳಲ್ಲಿ ಎಲ್ಲವೂ ಮೊಬೈಲ್ ಫೋನಿನ ಆ್ಯಪ್‌ನಲ್ಲಿರುತ್ತದೆ. ಆ್ಯಪ್ ನಿಂತ ದಿನ ಪೆಟ್ಟಿಗೆ ಅನಾಥ. ಸದ್ದು, ಸ್ವರ, ಗಡಸುತನಗಳಿಗೆ ಪೆಟ್ಟಿಗೆಯ ಮೇಲೆಯೇ ಗುಂಡಿಗಳಿರುವುದನ್ನು ಆರಿಸುವುದು ಜಾಣತನ.

ಹೆಡ್‌ಫೋನಿನ ತೂತಂತೂ ಇರಲೇಬೇಕು. ಬ್ಲೂಟೂತ್ ಹೆಡ್‌ಫೋನ್ ಇದಕ್ಕೆ ಬಾರದು. ಮೀಟಿದ್ದು ಕಿವಿಗೆ ತಲುಪಲು ಸೆಕೆಂಡಿನ ಹತ್ತನೆಯ ಒಂದು ಭಾಗ, ಕೆಲವೊಮ್ಮೆ ಇನ್ನೂ ಹೆಚ್ಚು ತಡವಾಗುತ್ತದೆ; ಮೂವತ್ತು ಮೀಟರ್ ಆಚೆ ಇಟ್ಟ ಆಂಪನ್ನು ಕೇಳುತ್ತಾ ತಾಳ ಹಿಡಿದಂತೆ. ಹಾಡು ಕೇಳಲು ಅದು ಸರಿ, ನುಡಿಸಲು ತಂತಿಯ ಹೆಡ್‌ಫೋನೇ ಬೇಕು.

ಗೆಳೆಯರ ಜೊತೆ ಸೇರಿ ನುಡಿಸುವ ಜ್ಯಾಮ್ ಬೇರೆಯೇ ಪರೀಕ್ಷೆ. ಅಲ್ಲಿ ಎಲ್ಲವನ್ನೂ ನಿರ್ಧರಿಸುವವನು ಡ್ರಮ್ ಬಾರಿಸುವವನು. ಕಡ್ಡಿ ಹಿಡಿದು ಬಾರಿಸುವ ಡ್ರಮ್ ಸೆಟ್ ನೂರು ಡೆಸಿಬೆಲ್ಲನ್ನು ಸಲೀಸಾಗಿ ದಾಟುತ್ತದೆ. ಐದು ಇಂಚಿನ ಸ್ಪೀಕರ್ ಅದರ ಮುಂದೆ ಮದುವೆ ಮನೆಯ ವಾಲಗದ ಎದುರು ಹಾಡಿದ ಹಸೆ ಹಾಡು. ತಬಲ, ಕಹೋನ್, ಮರದ ಗಿಟಾರ್ ಇದ್ದರೆ ಪುಟ್ಟ ಆಂಪ್ ಸಾಕು. ಡ್ರಮ್ ಸೆಟ್ ಇದ್ದರೆ ಹತ್ತು ಅಥವಾ ಹನ್ನೆರಡು ಇಂಚಿನ ಸ್ಪೀಕರ್, ಇಪ್ಪತ್ತು ಮೂವತ್ತು ವಾಟ್ ಬೇಕಾಗುತ್ತದೆ. ಎರಡಕ್ಕೂ ಒಂದೇ ಕೊಳ್ಳುವವರು ಶಕ್ತಿಯನ್ನು ಇಳಿಸುವ ಸ್ವಿಚ್ಚು ಇರುವುದನ್ನು ನೋಡಬೇಕು. ಬಾಸ್ ಕಟಾನದ ಐವತ್ತು ವಾಟ್‌ನ ಮಾದರಿಯನ್ನು ಅರ್ಧ ವಾಟ್‌ಗೆ ಇಳಿಸಬಹುದು. ಆದರೆ ಅದು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗುವ ತೂಕದ್ದಲ್ಲ. ಇಲ್ಲವೇ ಸಣ್ಣದನ್ನೇ ಕೊಂಡು, ಅದರ ಲೈನ್ ಔಟ್ ತಂತಿಯನ್ನು ಅಭ್ಯಾಸದ ಕೋಣೆಯ ಮಿಕ್ಸರಿಗೆ ಕೊಡಬಹುದು.

ಇನ್ನೊಂದು ಕಿವಿಮಾತು, ಇದಕ್ಕೆ ಕಾಸಿನ ಖರ್ಚಿಲ್ಲ. ಹೆಚ್ಚಿನವರು ಆಂಪನ್ನು ನೆಲದ ಮೇಲಿಟ್ಟು ಪಕ್ಕದಲ್ಲಿ ನಿಂತು ನುಡಿಸುತ್ತಾರೆ. ಸ್ಪೀಕರಿನಿಂದ ತಾರದ ಸ್ವರಗಳು ಟಾರ್ಚಿನ ಬೆಳಕಿನಂತೆ ನೇರಕ್ಕೆ ಹೋಗುತ್ತವೆ. ಅವು ನುಡಿಸುವವನ ಮೊಣಕಾಲಿಗೆ ಕೇಳಿಸುತ್ತವೆ, ಕಿವಿಗಲ್ಲ. ಅವನು ಕೇಳಿಸದೆಂದು ಸದ್ದು ಏರಿಸುತ್ತಾನೆ, ಎದುರು ಕುಳಿತವರು ಕಿವಿ ಮುಚ್ಚಿಕೊಳ್ಳುತ್ತಾರೆ. ಪೆಟ್ಟಿಗೆಯನ್ನು ಕುರ್ಚಿಯ ಮೇಲಿಟ್ಟು ಮುಖಕ್ಕೆ ಓರೆ ಮಾಡಿದರೆ ಅರ್ಧ ಜಗಳ ಮುಗಿಯುತ್ತದೆ.

ಶಾಸ್ತ್ರೀಯ ಸಂಗೀತ ನುಡಿಸುವವರ ಅಗತ್ಯ ಮಾತ್ರ ಭಿನ್ನ. ಮ್ಯಾಂಡೊಲಿನ್ ಯು. ಶ್ರೀನಿವಾಸ್ (1969–2014) ಎಲೆಕ್ಟ್ರಿಕ್ ಮ್ಯಾಂಡೊಲಿನ್ ಹಿಡಿದದ್ದು ಸದ್ದಿಗಾಗಿ ಅಷ್ಟೇ ಅಲ್ಲ. ಮರದ ಮ್ಯಾಂಡೊಲಿನ್ನಿನಲ್ಲಿ ಸ್ವರ ಮೀಟಿದೊಡನೆ ಸಾಯುತ್ತದೆ, ಗಮಕಕ್ಕೆ ಎಡೆಯೇ ಇರುವುದಿಲ್ಲ. ಹಿಗ್ಗಿಸಿದ ಸ್ವರ ನಿಲ್ಲುತ್ತದೆ, ಅದನ್ನು ಎಳೆಯಬಹುದು, ಒಲೆಯಿಸಬಹುದು. ಇಂಥವರಿಗೆ ಗರಗರ ಬೇಡ. ಸದ್ದು ಏರಿಸಿದರೂ ಒಡೆಯದ ತಿಳಿ ಸ್ವರ ಬೇಕು. ಅವರಿಗೆ ವಾಟ್ ಸ್ವಲ್ಪ ಹೆಚ್ಚಿದ್ದರೆ ಅನುಕೂಲ. ಬಾಸ್ ಗಿಟಾರ್ ನುಡಿಸುವವರೂ ಗಿಟಾರಿನ ಪುಟ್ಟ ಆಂಪನ್ನು ನಂಬಬಾರದು. ಅದರ ದಪ್ಪ ತಂತಿ 41 ಹರ್ಟ್ಸ್‌ನಲ್ಲಿ ಕಂಪಿಸುತ್ತದೆ, ಗಿಟಾರಿನದು 82ರಲ್ಲಿ. ಪುಟ್ಟ ಸ್ಪೀಕರ್ ಹರಿದೇ ಹೋದೀತು.

ಅಂಗಡಿಗೆ ಹೋಗುವಾಗ ಸ್ವಂತ ಗಿಟಾರ್ ಒಯ್ಯಬೇಕು. ಅಂಗಡಿಯ ಹುಡುಗ ಚುರುಕಾಗಿ ನುಡಿಸಿ ತೋರಿಸುವುದು ಅವನ ಕೈಯ ಗುಣ, ಪೆಟ್ಟಿಗೆಯದಲ್ಲ. ಪ್ರತಿಧ್ವನಿ ಮೊದಲಾದ ಅಲಂಕಾರಗಳನ್ನೆಲ್ಲ ಶೂನ್ಯಕ್ಕಿಳಿಸಿ, ಮನೆಯಲ್ಲಿ ನುಡಿಸುವಷ್ಟೇ ಸಣ್ಣ ಸದ್ದಿನಲ್ಲಿ, ಒಂದೊಂದೇ ತಂತಿ ಮೀಟಿ ಕೇಳಬೇಕು. ಸಣ್ಣ ಸದ್ದಿನಲ್ಲಿ ಜಳ್ಳಾಗಿ ಕೇಳಿದ್ದು ಮನೆಗೆ ಬಂದ ಮೇಲೆ ಗಟ್ಟಿಯಾಗದು.

ಅಮೆರಿಕದಲ್ಲಿರುವ ಅಣ್ಣನೋ ಚಿಕ್ಕಪ್ಪನೋ ರಜೆಗೆ ಬರುವಾಗ ತಂದುಕೊಡುವ ಆಂಪ್‌ಗಳ ಬಗ್ಗೆ ಎಚ್ಚರ ಬೇಕು. ಅಲ್ಲಿಯದು 120 ವೋಲ್ಟ್, ನಮ್ಮದು 230. ಹಿಂಬದಿಯ ಚೀಟಿ ಓದದೆ ಗೋಡೆಗೆ ಚುಚ್ಚಿದರೆ ಒಂದು ಕ್ಷಣದಲ್ಲಿ ಹೊಗೆ. ವಾಲ್ವ್ ಆಂಪ್ ಆದರೆ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅದರ ತೂಕ ಆಂಪಿನ ತೂಕಕ್ಕೆ ಸಮ ಬಂದೀತು. ಹೊರಗಿನ ಅಡಾಪ್ಟರಿನಿಂದ ನಡೆಯುವ ಪುಟ್ಟ ಪೆಟ್ಟಿಗೆಯಾದರೆ ಇಲ್ಲಿಯದೇ ಅಡಾಪ್ಟರ್ ಕೊಳ್ಳಬಹುದು. ಆದರೆ ಅಡಾಪ್ಟರ್ ಮೇಲಿನ ಕೂಡು, ಕಳೆ ಗುರುತು ನೋಡಿಕೊಳ್ಳಬೇಕು. ಬಾಸ್, ರೋಲೆಂಡ್‌ನಂಥ ಹಲವು ಗಿಟಾರ್ ಉಪಕರಣಗಳಲ್ಲಿ ನಡುವಿನ ಸೂಜಿ ಕಳೆ, ಮನೆಯಲ್ಲಿ ಬಿದ್ದಿರುವ ಉಳಿದ ಅಡಾಪ್ಟರುಗಳಲ್ಲಿ ಹೆಚ್ಚಾಗಿ ಕೂಡು.