ಕಾಲುನೋವು ಒಂದೇ, ಕಾರಣ ಹಲವು

(ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಹಸು ಕುಂಟಿದರೆ ಅದೇ ದಿನ ಪಶುವೈದ್ಯರಿಗೆ ಹೇಳಿ ಕಳಿಸುವ ಜನ ನಾವು. ಗೊರಸು ಎತ್ತಿ ನೋಡ್ತೇವೆ, ಮುಳ್ಳು ಚುಚ್ಚಿದೆಯೋ, ಕಾಲುಬಾಯಿ ಜ್ವರವೋ ಅಂತ ವಿಚಾರಿಸ್ತೇವೆ. ಮನುಷ್ಯರ ಕಾಲು ನೋಯುವಾಗ ಮಾತ್ರ ನಮ್ಮಲ್ಲಿ ಬಹಳ ಜನ ಅಂಗಡಿಯಿಂದ ಒಂದು ನೋವಿನ ಮಾತ್ರೆ ತಂದು ನುಂಗಿ ಮಲಗುವುದೇ ರೂಢಿ. ನಾವು ಓದಿದ್ದು ಎಸ್.ಎಸ್.ಎಲ್.ಸಿ., ವೈದ್ಯರೇನಲ್ಲ. ಆದರೆ ಯಾವ ನೋವಿಗೆ ಕಾಯಬಹುದು, ಯಾವುದಕ್ಕೆ ಕಾಯಬಾರದು ಎಂಬುದು ರೈತರಿಗೂ ತಿಳಿದಿರಬೇಕು.

ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ನೋವು ಎಲ್ಲಿದೆ? ಯಾವಾಗ ಬರುತ್ತೆ? ಏನು ಮಾಡಿದರೆ ಕಡಿಮೆಯಾಗುತ್ತೆ?

ನಾಟಿ ಹಾಕಿದ ಮಾರನೇ ದಿನ ಮೀನಖಂಡ ಹಿಡಿದುಕೊಂಡರೆ ಅದು ಸ್ನಾಯುವಿನ ದಣಿವು. ನಾಲ್ಕು ದಿನ ಸುಧಾರಿಸಿಕೊಂಡರೆ ಹೋಗುತ್ತೆ. ಕುಕ್ಕರುಗಾಲಲ್ಲಿ ಕೂತು ಏಳುವಾಗ, ಮೆಟ್ಟಿಲು ಹತ್ತುವಾಗ ಮಂಡಿ ನೋಯುವುದು ಸಾಮಾನ್ಯವಾಗಿ ಸವೆತದಿಂದ. ಹಾಲು ಕರೆಯುವಾಗ ಒಂದು ಗಿಡ್ಡ ಸ್ಟೂಲ್ ಇಟ್ಟುಕೊಳ್ಳಿ. ಮೈತೂಕ ಇಳಿಸಿದರೆ, ತೊಡೆಗೆ ವ್ಯಾಯಾಮ ಕೊಟ್ಟರೆ ಮಂಡಿಗೆ ಹಗುರ.

ಪಶು ಆಹಾರದ 50 ಕೆ.ಜಿ. ಚೀಲ ಎತ್ತಿದ ಮೇಲೆ ಸೊಂಟದಿಂದ ಪಾದದವರೆಗೆ ಮಿಂಚು ಹೊಡೆದ ಹಾಗೆ ನೋವು ಹರಿದರೆ, ನೋವು ಕಾಲಿನದಾದರೂ ಮೂಲ ಬೆನ್ನಿನಲ್ಲಿ. ಅಲ್ಲಿ ನರ ಒತ್ತಿಕೊಂಡಿರುತ್ತೆ. ಜೊತೆಗೆ ಕಾಲಿನ ಬಲ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಸಂಜೆ ಹೊತ್ತಿಗೆ ಕಾಲು ಭಾರವಾಗಿ, ನೀಲಿ ರಕ್ತನಾಳ ಗಂಟುಗಂಟಾಗಿ ಉಬ್ಬುವುದು ಬಹಳ ಹೊತ್ತು ನಿಂತು ದುಡಿಯುವವರಲ್ಲಿ ಹೆಚ್ಚು. ಕಾಲು ಎತ್ತರಕ್ಕಿಟ್ಟು ಮಲಗಿದರೆ ಇದು ಹಗುರವಾಗುತ್ತೆ.

ಇನ್ನು ಕಾಲನ್ನೇ ಕಳೆಯುವ ಎರಡು ನೋವಿನ ವಿಚಾರ. ಸ್ವಲ್ಪ ದೂರ ನಡೆದರೆ ಮೀನಖಂಡ ಹಿಂಡಿದಂತಾಗಿ, ನಿಂತರೆ ಹೋಗಿ, ಮತ್ತೆ ನಡೆದರೆ ಬರುವ ನೋವು ಒಂದು. ರಕ್ತನಾಳ ಕಿರಿದಾಗಿ ಕಾಲಿಗೆ ರಕ್ತ ಸಾಲುತ್ತಿಲ್ಲ ಅಂತ ಅರ್ಥ. ಬೀಡಿ, ಸಿಗರೇಟು ಇದಕ್ಕೆ ದೊಡ್ಡ ಕಾರಣ. ಬಿಡದಿದ್ದರೆ ಬೆರಳು ಕಪ್ಪಾಗಿ ಕೊಳೆತು, ಕಾಲು ಕತ್ತರಿಸುವ ತನಕ ಹೋದೀತು. ಇನ್ನೊಂದು ಸಕ್ಕರೆ ಕಾಯಿಲೆಯದು. ರಾತ್ರಿ ಪಾದ ಉರಿ, ಜೋಮು. ಆಮೇಲೆ ಸ್ಪರ್ಶವೇ ತಿಳಿಯುವುದಿಲ್ಲ. ಮುಳ್ಳು ಚುಚ್ಚಿದ್ದೂ ಗೊತ್ತಾಗದೆ ಹುಣ್ಣಾಗುತ್ತೆ. ಸಕ್ಕರೆ ಕಾಯಿಲೆ ಇರುವವರು ಬರಿಗಾಲಲ್ಲಿ ಓಡಾಡಬೇಡಿ, ದಿನಾ ಮಲಗುವ ಮುಂಚೆ ಅಂಗಾಲು ನೋಡಿಕೊಳ್ಳಿ.

ಒಂದೇ ಕಾಲು ಇದ್ದಕ್ಕಿದ್ದಂತೆ ಬಾತು, ಬಿಸಿಯಾಗಿ ನೋಯ್ತಾ ಇದ್ದರೆ ದಯವಿಟ್ಟು ಎಣ್ಣೆ ಹಾಕಿ ತಿಕ್ಕಬೇಡಿ. ರಕ್ತ ಹೆಪ್ಪುಗಟ್ಟಿರಬಹುದು. ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ.

ಕುಡಿಯುವ ನೀರೂ ಒಂದು ಕಾರಣ. ಕೋಲಾರ, ಪಾವಗಡದಂಥ ಬಯಲುಸೀಮೆಯ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲು ಬಿಗಿಯಬಹುದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರನ್ನು ಪರೀಕ್ಷೆ ಮಾಡಿಸಲೇಬೇಕು.

ದಿನಾ ನೋವಿನ ಮಾತ್ರೆ ನುಂಗುವ ಅಭ್ಯಾಸ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತೆ, ಮೂತ್ರಪಿಂಡ ಕೆಡಿಸುತ್ತೆ. ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದೂ ಉಂಟು, ಹುಷಾರು.

ಕಡೆಯದಾಗಿ ಸಂಘದ ಮಾತು. ಸಹಕಾರಿಗಳಿಗೆಂದು 2003ರಲ್ಲಿ ಶುರುವಾದ ಯಶಸ್ವಿನಿ ಯೋಜನೆ 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ಸೇರಿಹೋಗಿ, 2022ರಲ್ಲಿ ಮರಳಿ ಬಂತು. ನೋಂದಣಿ ಶುರುವಾದಾಗ ತಪ್ಪದೆ ಹೆಸರು ಬರೆಸಿ, ಮನೆಯವರದ್ದೂ ಬರೆಸಿ. ಬಹಳ ಮನೆಗಳಲ್ಲಿ ಹಾಲು ಕರೆಯುವವರು, ಹುಲ್ಲು ಹೊರುವವರು ಹೆಂಗಸರು. ಷೇರು ಮಾತ್ರ ಗಂಡಸರ ಹೆಸರಲ್ಲಿ. ಕಾಲು ನೋಯುತ್ತೆ ಅಂತ ಆ ತಾಯಂದಿರು ಬಾಯಿಬಿಟ್ಟು ಹೇಳುವುದಿಲ್ಲ. ನಾವೇ ಕೇಳಬೇಕು. ಈ ಬೆಳ್ಳಿಹಬ್ಬದ ನೆನಪಿಗೆ ವರ್ಷಕ್ಕೊಮ್ಮೆಯಾದರೂ ಡೇರಿ ಮುಂದೆ ಪ್ರಾಥಮಿಕ ಆರೋಗ್ಯ ಕೇಂದ್ರದವರಿಂದ ಸಕ್ಕರೆ, ಬಿ.ಪಿ. ತಪಾಸಣೆ ಮಾಡಿಸೋಣ ಎಂಬ ಸೂಚನೆಯನ್ನು ಸಭೆಯ ಮುಂದಿಡ್ತಾ ಇದ್ದೇವೆ. ಎಲ್ಲರೂ ಒಪ್ಪಿ ಅನುಮೋದಿಸಬೇಕೆಂದು ವಿನಂತಿ.

ಜೈ ಸಹಕಾರ.